ಬಾಗದ್ದೆಲ್ಲ ಗಟ್ಟಿಯಲ್ಲ

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲಿನ ದಾರಿಯಲ್ಲಿ ಕುಂಸಿ ನಿಲ್ದಾಣ ಸಿಗುತ್ತದೆ. ಅಷ್ಟು ಭಾರದ ಎಂಜಿನ್ ಹಾದುಹೋದರೂ ಹಳಿ ಬಾಗಿದ್ದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಇತ್ತ ಮಲೆನಾಡಿನ ಅಡಿಕೆ ತೋಟದಲ್ಲಿ ಕೊನೆಗಾರ ಮರದ ತುದಿಯಲ್ಲಿದ್ದುಕೊಂಡೇ ಜೀಕಿ, ಮರವನ್ನು ಬಳುಕಿಸಿ ಪಕ್ಕದ ಮರ ಹಿಡಿದುಬಿಡುತ್ತಾನೆ. ಮಕ್ಕಳೇ, ಒಂದು ಬಾಗದು, ಇನ್ನೊಂದು ಬಾಗುತ್ತದೆ. ಹಾಗಾದರೆ ಅಡಿಕೆ ಮರ ಗಟ್ಟಿಯಲ್ಲವೇ?

ಮೊದಲು ನಿಮ್ಮ ಪ್ಲಾಸ್ಟಿಕ್ ಸ್ಕೇಲ್ ತೆಗೆದುಕೊಳ್ಳಿ. ಎರಡು ಪುಸ್ತಕಗಳ ಮೇಲೆ ಸೇತುವೆಯಂತೆ ಅಡ್ಡಲಾಗಿ ಮಲಗಿಸಿ ನಡುವೆ ಒತ್ತಿ. ಸುಲಭವಾಗಿ ಬಾಗುತ್ತದೆ. ಈಗ ಅದೇ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿ. ಬಾಗುವುದೇ ಇಲ್ಲ ಅನ್ನಿಸುತ್ತದೆ! ಸ್ಕೇಲಿನ ದಪ್ಪ 3 ಮಿಲಿಮೀಟರ್, ಅಗಲ 30 ಮಿಲಿಮೀಟರ್ ಇದ್ದರೆ, ನಿಲ್ಲಿಸಿದಾಗ ಅದನ್ನು ಬಾಗಿಸುವುದು 100 ಪಟ್ಟು ಕಷ್ಟ. ಪ್ಲಾಸ್ಟಿಕ್ ಅದೇ, ಬದಲಾದದ್ದು ಅದನ್ನು ಇಟ್ಟ ರೀತಿ ಮಾತ್ರ.

ಹೀಗೇಕೆ? ಮೇಲಿನಿಂದ ಒತ್ತಿದಾಗ ಸ್ಕೇಲಿನ ಮೇಲ್ಭಾಗ ಕುಗ್ಗುತ್ತದೆ, ಕೆಳಭಾಗ ಹಿಗ್ಗುತ್ತದೆ. ನಟ್ಟನಡುವಿನ ಪದರಕ್ಕೆ ಎರಡೂ ಇಲ್ಲ. ಆದ್ದರಿಂದ ನಡುವಿನಿಂದ ದೂರ ಇರುವ ಭಾಗವೇ ಬಾಗುವಿಕೆಯನ್ನು ಹೆಚ್ಚು ತಡೆಯುತ್ತದೆ. ರೈಲು ಹಳಿಯನ್ನು ಗಮನಿಸಿ: ಮೇಲೆ ದಪ್ಪ ತಲೆ, ಕೆಳಗೆ ಅಗಲ ಪಾದ, ನಡುವೆ ತೆಳು ಗೋಡೆ. ಬೇಕಾದ ಕಡೆ ಮಾತ್ರ ಉಕ್ಕು! ಅಡಿಕೆ ಮರದಲ್ಲೂ ಗಟ್ಟಿ ನಾರು ಹೊರಸುತ್ತಿನಲ್ಲಿದೆ, ಒಳಗೆ ಮೆದು ತಿರುಳು. ಬಿದಿರಂತೂ ನಡುವೆ ಟೊಳ್ಳೇ.

ಆದರೆ ಬಾಗದಿದ್ದರಷ್ಟೇ ಸಾಲದು. ಬೀಡು ಕಬ್ಬಿಣ ಬಾಗಲು ಒಪ್ಪುವುದಿಲ್ಲ, ಸುತ್ತಿಗೆಯಿಂದ ಜೋರಾಗಿ ಹೊಡೆದರೆ ಒಡೆದುಹೋಗುತ್ತದೆ. ಅದರಲ್ಲಿ ಇಂಗಾಲ ಜಾಸ್ತಿ. ಇಂಗಾಲ ಕಡಿಮೆ ಮಾಡಿದರೆ ಅದು ಉಕ್ಕಾಗುತ್ತದೆ. ಅದಿರಿನೊಡನೆ, ಕಲ್ಲಿದ್ದಲಿನೊಡನೆ ಬರುವ ಗಂಧಕವೂ ತುಂಟ. ಅದು ಕಬ್ಬಿಣದ ಜೊತೆ ಸೇರಿಕೊಂಡರೆ, ಕೆಂಪಗೆ ಕಾದ ಉಕ್ಕು ಬಡಿಯುವಾಗಲೇ ಬಿರುಕು ಬಿಡುತ್ತದೆ.

ಇಲ್ಲಿ ಕುಂಸಿಯ ಕಪ್ಪು ಕಲ್ಲಿನ ಕಥೆ ಬರುತ್ತದೆ. ಕುಂಸಿಯ ಸುತ್ತಮುತ್ತ ಮ್ಯಾಂಗನೀಸ್ ಎಂಬ ಲೋಹದ ಕಪ್ಪು ಅದಿರು ತೆಗೆಯುವ ಗಣಿಗಳಿದ್ದವು. ಅದೇ ಜಿಲ್ಲೆಯ ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದರು. ಉಕ್ಕಿಗೆ ಚೂರು ಮ್ಯಾಂಗನೀಸ್ ಬೆರೆಸಿದರೆ ಅದು ಗಂಧಕವನ್ನು ತಾನೇ ಹಿಡಿದುಕೊಳ್ಳುತ್ತದೆ, ಬಿರುಕಿನ ಕಾಟ ತಪ್ಪುತ್ತದೆ. 1882ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಇನ್ನೂ ಹೆಚ್ಚು, ಸುಮಾರು ನೂರಕ್ಕೆ 12 ಪಾಲು ಮ್ಯಾಂಗನೀಸ್ ಬೆರೆಸಿ ನೋಡಿದರು. ಪೆಟ್ಟು ಬಿದ್ದಷ್ಟೂ ಮೈ ಗಟ್ಟಿಯಾಗುವ ಉಕ್ಕು ಸಿಕ್ಕಿತು! ಒಂದು ಹಳಿ ಇನ್ನೊಂದನ್ನು ದಾಟುವ ಜಾಗದಲ್ಲಿ ಚಕ್ರಗಳು ಬಡಿಯುತ್ತಲೇ ಇರುತ್ತವೆ. ಅಲ್ಲಿಗೆ ಇಂಥ ಉಕ್ಕು ಬಳಸುತ್ತಾರೆ. ಸ್ವಾರಸ್ಯ ಕೇಳಿ: ಮ್ಯಾಂಗನೀಸ್ ಸೇರಿದ್ದರಿಂದ ಉಕ್ಕು ಬಾಗುವ ಪ್ರಮಾಣ ಹೆಚ್ಚೇನೂ ಬದಲಾಗಲಿಲ್ಲ, ಒಡೆಯದೆ ತಾಳುವ ಗುಣ ಬದಲಾಯಿತು.

ಅಂದರೆ ಎಷ್ಟು ಬಾಗುತ್ತದೆ ಎಂಬುದು ಒಂದು ಪ್ರಶ್ನೆ, ಎಷ್ಟು ಭಾರಕ್ಕೆ ಮುರಿಯುತ್ತದೆ ಎಂಬುದು ಇನ್ನೊಂದು, ಪೆಟ್ಟಿಗೆ ಒಡೆಯುತ್ತದೆಯೇ ಎಂಬುದು ಮತ್ತೊಂದು. ಮಳೆಗಾಲದ ಗಾಳಿಗೆ ಓಲಾಡಿ ಉಳಿಯುವ ಅಡಿಕೆ ಮರವೂ ಗಟ್ಟಿಯೇ. ಇನ್ನು ಹಳಿ? ರೈಲು ಹೋಗುವಾಗ ಅದೂ ಚೂರೇ ಚೂರು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಏಕೆಂದರೆ ಒತ್ತಿದರೆ ಒಂದಿಷ್ಟೂ ಬಾಗದ ವಸ್ತು ಜಗತ್ತಿನಲ್ಲೇ ಇಲ್ಲ.