ಕರೆಯುವ ಕೈಗೆ ಕಲಿಕೆ ಸಲ್ಲಲಿ

(ಭರಮಸಾಗರದಲ್ಲಿ ಮಹಿಳೆಯರಿಗಾಗಿ ನಡೆದ ಪಶುಪಾಲನಾ ಪ್ರಾತ್ಯಕ್ಷಿಕೆಯ ಸಮಾರೋಪ ಭಾಷಣದ ಪಠ್ಯ)



ಇಂದು ಬೆಳಿಗ್ಗೆ ನಿಮ್ಮ ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ನಿಂತಿದ್ದೆ. ದನ ಹೊಡೆದುಕೊಂಡು ಹೊರಟವರಲ್ಲಿ, ಮೇವಿನ ಹೊರೆ ಹೊತ್ತವರಲ್ಲಿ ಹೆಚ್ಚಿನವರು ಹೆಂಗಸರೇ ಆಗಿದ್ದರು. ಮಲೆನಾಡಿನ ನನ್ನ ಊರಿನಲ್ಲೂ ಇದೇ ದೃಶ್ಯ. ಸಗಣಿ ಬಾಚುವವರು, ಹಾಲು ಕರೆಯುವವರು, ನಡುರಾತ್ರಿ ಹಸು ಕರು ಹಾಕುವಾಗ ದೀಪ ಹಿಡಿದು ಕೂರುವವರು ಅವರೇ. ಆದರೆ ಹೈನುಗಾರಿಕೆಯ ತರಬೇತಿ ಎಂದೊಡನೆ ಬಂದು ಕೂರುವವರು ಗಂಡಸರು.

ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಹಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಕೆಚ್ಚಲು ಬಾವಿನ ಕುರಿತು ಒಂದು ಗಂಟೆ ಉಪನ್ಯಾಸ ಮಾಡಿದೆ. ಎದುರಿಗೆ ಕುಳಿತವರೆಲ್ಲ ಗಂಡಸರು. ಮುಗಿದ ಬಳಿಕ ಚಹಾ ತಂದಿತ್ತ ತಾಯಿಯೊಬ್ಬರು, “ನಮ್ಮ ಹಸುವಿನ ಕೆಚ್ಚಲು ಒಂದು ಕಡೆ ಮೂರು ದಿನದಿಂದ ಕಲ್ಲಿನಂತಾಗಿದೆ, ಇದೇ ರೋಗವೇ?” ಎಂದು ಮೆಲ್ಲಗೆ ಕೇಳಿದರು. ಆಕೆಯ ಪತಿ ಮೊದಲ ಸಾಲಿನಲ್ಲಿಯೇ ಕುಳಿತಿದ್ದರು. ಅವರಿಗೆ ವಿಷಯವೇ ತಿಳಿದಿರಲಿಲ್ಲ. ಚಿಕಿತ್ಸೆ ತಡವಾಗಿ, ಕೆಚ್ಚಲಿನ ಆ ಭಾಗ ಬತ್ತಿಹೋಯಿತು. ನನ್ನ ಮಾತು ಹಸುವನ್ನು ದಿನಕ್ಕೆರಡು ಬಾರಿ ಮುಟ್ಟುವ ಕೈಯನ್ನು ತಲುಪಿರಲಿಲ್ಲ.

ಆದ್ದರಿಂದಲೇ ಇಲ್ಲಿ ಕಪ್ಪುಹಲಗೆಯನ್ನು ಬದಿಗಿಟ್ಟು ಕೊಟ್ಟಿಗೆಗೆ ಇಳಿದೆವು. ಕರೆಯುವ ಮುನ್ನ ಪ್ರತಿ ಮೊಲೆಯ ಮೊದಲ ಧಾರೆಯನ್ನು ಕಪ್ಪು ಬಟ್ಟಲಿಗೆ ಹಿಂಡಿ, ಗರಣೆ ಇದೆಯೇ ಎಂದು ನೀವೇ ನೋಡಿದಿರಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕೆಂಬುದನ್ನು ಕಲಿತಿರಿ. ಒಂದು ಬೆದೆ ತಪ್ಪಿದರೆ ಇಪ್ಪತ್ತೊಂದು ದಿನದ ಮೇವು, ದುಡಿಮೆ ವ್ಯರ್ಥ. ಬೆದೆಯ ಲೋಳೆಯನ್ನು, ದನದ ಕೂಗನ್ನು ಮೊದಲು ಗಮನಿಸುವವರು ನೀವೇ ಅಲ್ಲವೇ?

ತಕ್ಕಡಿಯಿಲ್ಲದೆ ತೂಕ ಅಳೆದದ್ದು ನೆನಪಿರಲಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ 60 ಅಂಗುಲ, ಭುಜದಿಂದ ಪೃಷ್ಠದ ಮೂಳೆಯವರೆಗಿನ ಉದ್ದ 50 ಅಂಗುಲ ಎಂದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ 660ರಿಂದ ಭಾಗಿಸಿದರೆ ಸುಮಾರು 273 ಕಿಲೋ ಬರುತ್ತದೆ. ಜಂತುನಾಶಕದ ಪ್ರಮಾಣ ಈ ತೂಕದ ಮೇಲೆಯೇ ನಿಂತಿದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ತೆಗೆಯಬೇಡಿ. ಬ್ರುಸೆಲ್ಲಾ ರೋಗಾಣು ಮನುಷ್ಯರಿಗೂ ತಗಲಿ, ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ತರುತ್ತದೆ. ಕೈಗವಸು ಧರಿಸಿ, ಮಾಸನ್ನು ಸುಣ್ಣ ಹಾಕಿ ಆಳವಾಗಿ ಹೂಳಿ. ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಲಸಿಕೆ ಹಾಕಿಸಿ.

ದನವನ್ನು ಹಿಡಿಯಲು ಗಂಡಸಿನ ಬಲವೇ ಬೇಕೆಂಬ ಮಾತಿದೆ. ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರಾಂಡಿನ್ ದನಗಳು ಸಾಗುವ ಓಣಿಯೊಳಗೆ ತಾವೇ ಇಳಿದು, ಅವುಗಳ ಕಣ್ಣಿಗೆ ಕಾಣುವುದನ್ನು ನೋಡಿದ ಮಹಿಳೆ. ನೆರಳು, ತೂಗಾಡುವ ಸರಪಳಿ, ಗದ್ದಲ ದನವನ್ನು ಬೆದರಿಸುತ್ತವೆ ಎಂದು ತೋರಿಸಿದರು. ಭುಜದ ಹಿಂದೆ ನಿಂತು ಹತ್ತಿರ ಸರಿದರೆ ದನ ಮುಂದೆ ನಡೆಯುತ್ತದೆ. ಭುಜದ ಮುಂದೆ ನಿಂತರೆ ಹಿಂದೆ ಸರಿಯುತ್ತದೆ. ನಿನ್ನೆ ನೀವು ಕೋಲಿಲ್ಲದೆ ಇದನ್ನೇ ಮಾಡಿದಿರಿ.

ಸರ್ಕಾರಕ್ಕೂ ಇದು ಹೊಸ ವಿಚಾರವಲ್ಲ. 1986–87ರಲ್ಲಿ ಆರಂಭವಾದ ‘ಸ್ಟೆಪ್’ ಯೋಜನೆಯಡಿ ನಮ್ಮ ರಾಜ್ಯದಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘಗಳು ಬೆಳೆದವು. ಸ್ವಸಹಾಯ ಸಂಘಗಳಿಂದ ‘ಪಶು ಸಖಿ’ಯರು ಬಂದರು, 2022ರಲ್ಲಿ ಅವರಿಗೆ ಹೆಚ್ಚಿನ ತರಬೇತಿ ನೀಡುವ ‘ಎ–ಹೆಲ್ಪ್’ ಕಾರ್ಯಕ್ರಮ ಆರಂಭವಾಯಿತು. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ನಿಮ್ಮ ಜಿಲ್ಲೆಯಲ್ಲಿಯೇ ಇದೆ. ಹೋಗಿ ಕೇಳಿರಿ.

ಆದರೆ ಕೈಗೆ ಕಸುಬು ಬಂದು, ದನಕ್ಕೆ ನೆಲವೇ ಇಲ್ಲವಾದರೆ? ಮೈಸೂರು ಅರಸರ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಅಮೃತ ಮಹಲ್ ಎಂಬ ಹೆಸರಿತ್ತ, ಆ ತಳಿಯನ್ನು ಪೋಷಿಸಿದ್ದು ಈ ಸೀಮೆಯ ಕಾವಲುಗಳು. ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು ಹತ್ತು ಸಾವಿರ ಎಕರೆ ಕಾವಲು ರಕ್ಷಣಾ, ಅಣು, ಬಾಹ್ಯಾಕಾಶ ಸಂಶೋಧನೆ ಮುಂತಾದ ಉದ್ದೇಶಗಳಿಗೆ ಹಂಚಿಕೆಯಾಗಿ, 2013ರಲ್ಲಿ ವಿವಾದ ಹಸಿರು ನ್ಯಾಯಾಧಿಕರಣದ ಮುಂದೆ ಹೋಯಿತು. ಗೋಡೆ ಎದ್ದ ಮೇಲೆ ಮೇವಿಗಾಗಿ ಇನ್ನಷ್ಟು ದೂರ ನಡೆಯಬೇಕಾದವರು ಯಾರೆಂದು ನಿಮಗೆ ಹೇಳಬೇಕಿಲ್ಲ. ನಮ್ಮ ಮಲೆನಾಡಿನ ಸೊಪ್ಪಿನಬೆಟ್ಟ, ಗೋಮಾಳಗಳಿಗೂ ಇದೇ ಭಯವಿದೆ.

ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಹಾಗೂ ಪಶುಪಾಲಕರ ವರ್ಷವೆಂದೂ, ರೈತ ಮಹಿಳೆಯ ವರ್ಷವೆಂದೂ ಘೋಷಿಸಿದೆ. ಈ ಎರಡನ್ನೂ ಒಂದೇ ಮಾತೆಂದು ಭಾವಿಸೋಣ. ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟೇ: ಹಾಲಿನ ಸಂಘದ ಸದಸ್ಯತ್ವ ನಿಮ್ಮ ಹೆಸರಿನಲ್ಲಿರಲಿ, ಹಣ ನಿಮ್ಮ ಖಾತೆಗೆ ಬರಲಿ. ಮುಂದಿನ ಗ್ರಾಮಸಭೆಯಲ್ಲಿ ಗೋಮಾಳದ ಅಳತೆಯನ್ನು, ಒತ್ತುವರಿಯ ವಿವರವನ್ನು ನೀವೇ ಎದ್ದು ಕೇಳಿರಿ. ವಿದ್ಯಾರ್ಥಿ ಮಿತ್ರರು ಅರ್ಜಿ ಬರೆದುಕೊಡಲಿ.

ಅಂದು ಚಹಾ ತಂದ ಆ ತಾಯಿ ಮೊದಲ ಸಾಲಿನಲ್ಲಿ ಕುಳಿತಿದ್ದರೆ ಅವರ ಹಸುವಿನ ಕೆಚ್ಚಲು ಉಳಿಯುತ್ತಿತ್ತೇನೋ. ಇಂದು ಮೊದಲ ಸಾಲಿನಲ್ಲಿ ನೀವಿದ್ದೀರಿ.