ಕಣ್ಣಿಗೆ ಕಾಣದ ಕೊಕ್ಕೆಹುಳು



ಹೊಟ್ಟೆಯ ಹುಳುವೆಂದರೆ ನಮಗೆ ನೆನಪಾಗುವುದು ಮಲದೊಡನೆ ಹೊರಬೀಳುವ ಗೇಣುದ್ದದ ಜಂತುಹುಳು. ಕಂಡೊಡನೆ ಔಷಧಿಗೆ ಓಡುತ್ತೇವೆ. ಕೊಕ್ಕೆಹುಳುವಿನ ರೀತಿ ಬೇರೆ. ಸುಮಾರು 1 ಸೆಂಟಿಮೀಟರ್ ಉದ್ದದ ಅದು ಸಣ್ಣ ಕರುಳಿನ ಗೋಡೆಯನ್ನು ಕಚ್ಚಿ ವರ್ಷಗಟ್ಟಲೆ ರಕ್ತ ಹೀರುತ್ತದೆ. ಹೊರಗೆ ಕಾಣಿಸಿಕೊಳ್ಳುವುದು ಅಪರೂಪ.

ಬಯಲಿನಲ್ಲಿ ಬಿದ್ದ ಮಲದೊಳಗಿನ ಮೊಟ್ಟೆ ಮರಿಯಾಗಲು ತೇವ, ನೆರಳು, ಬೆಚ್ಚನೆಯ ಮಣ್ಣು ಬೇಕು. ನಮ್ಮ ಅಡಿಕೆ, ಕಾಫಿ ತೋಟಗಳಲ್ಲಿ ಈ ಮೂರೂ ಇವೆ. 5ರಿಂದ 10 ದಿನಗಳಲ್ಲಿ ಬಲಿತ ಮರಿ ಬರಿಗಾಲಿನ ಚರ್ಮವನ್ನು ತೂರಿ, ರಕ್ತದೊಡನೆ ಶ್ವಾಸಕೋಶ ಸೇರಿ, ಗಂಟಲಿಗೇರಿ, ನುಂಗಿದಾಗ ಕರುಳಿಗಿಳಿಯುತ್ತದೆ. ಪಾದದ ತುರಿಕೆಯನ್ನು ನಾವು ಕೆಸರುಹುಣ್ಣೆಂದು ಭಾವಿಸುತ್ತೇವೆ. ತಿಂಗಳುಗಳ ನಂತರ ಕಣ್ಣರೆಪ್ಪೆಯ ಒಳಭಾಗ ಬಿಳಿಚಿ, ಗುಡ್ಡ ಹತ್ತುವಾಗ ಏದುಸಿರು ಬಂದರೆ ಬರಿಯ ನಿಶ್ಶಕ್ತಿಯೆನ್ನುತ್ತೇವೆ. ಗರ್ಭಿಣಿಯ ವಿಷಯದಲ್ಲಿ ಈ ಉದಾಸೀನ ತಾಯಿ, ಮಗು ಇಬ್ಬರಿಗೂ ಅಪಾಯಕಾರಿ.

ಗುರುತಿಸುವ ಮುಖ್ಯ ಮಾರ್ಗ ಮಲಪರೀಕ್ಷೆ. ಸೂಕ್ಷ್ಮದರ್ಶಕದಡಿ ತೆಳುಚಿಪ್ಪಿನ ಅಂಡಾಕಾರದ ಮೊಟ್ಟೆಗಳು ಕಾಣುತ್ತವೆ. ಆದರೆ ಮಾದರಿ ತಾಜಾ ಇರಬೇಕು. ಒಂದು ದಿನ ಬೆಚ್ಚಗೆ ಉಳಿದರೆ ಮೊಟ್ಟೆಯೊಡೆದು ಮರಿ ಹೊರಬಂದು, ಬೇರೊಂದು ಹುಳುವಿನ ಮರಿಯೆಂಬ ಗೊಂದಲವಾದೀತು. ಕಾಟೊ-ಕಾಟ್ಜ್ ವಿಧಾನದಲ್ಲಂತೂ ಗಾಜಿನ ಪಟ್ಟಿ ಸಿದ್ಧವಾದ 30ರಿಂದ 60 ನಿಮಿಷಗಳೊಳಗೆ ನೋಡದಿದ್ದರೆ ಮೊಟ್ಟೆಗಳು ಮಾಸಿಹೋಗುತ್ತವೆ. ದೂರದ ಹಳ್ಳಿಯವರಿಗೆ ಇದೇ ತೊಡಕು. ಒಮ್ಮೆ ಏನೂ ಕಾಣಲಿಲ್ಲವೆಂದು ನಿಶ್ಚಿಂತರಾಗಬೇಡಿ. ಬೇರೆ ಬೇರೆ ದಿನಗಳಲ್ಲಿ ಎರಡು ಮೂರು ಬಾರಿ ಪರೀಕ್ಷಿಸಿದರೆ ಒಳಿತು.

2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ತೋಟದಲ್ಲಿ ಬರಿಗಾಲಲ್ಲಿ ದುಡಿಯುವ ಹಿರಿಯರು ಆ ಪಟ್ಟಿಯಲ್ಲಿಲ್ಲ. ಅವರಿಗೆ ರಕ್ತಹೀನತೆ ಕಂಡರೆ ಕಬ್ಬಿಣಾಂಶದ ಮಾತ್ರೆಯಷ್ಟನ್ನೇ ಪಡೆದು ಹಿಂತಿರುಗದೆ, ಮಲಪರೀಕ್ಷೆಯನ್ನೂ ಕೇಳಿ ಮಾಡಿಸಿರಿ.