ಶಂಕರ ಎಂಬ ಆನೆ



ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಕಾರ್ಯದರ್ಶಿಯವರು ಹೇಳಿದ್ದರು. ಆನೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಅವರು ಒಂದು ಕ್ಷಣ ಸುಮ್ಮನಾದರು. ದಸರಾ ಹತ್ತಿರ ಬಂದಿರುವುದರಿಂದ ಜಂಬೂಸವಾರಿಯ ಬಗ್ಗೆ ಇರಬೇಕು ಎಂದುಕೊಂಡರೋ ಏನೋ. ಅಲ್ಲ. ಇದು ನಮ್ಮ ದೆಹಲಿಯ ಆನೆ.

ಮಥುರಾ ರಸ್ತೆಯಲ್ಲಿ ಪುರಾನಾ ಕಿಲಾದ ಪಕ್ಕದ ಮೃಗಾಲಯಕ್ಕೆ ಇಲ್ಲಿರುವ ಎಲ್ಲರೂ ಹೋಗಿರುತ್ತೀರಿ. ಊರಿನಿಂದ ನೆಂಟರು ಬಂದರೆ ಕುತುಬ್ ಮಿನಾರ್, ಇಂಡಿಯಾ ಗೇಟ್ ಆದ ಮೇಲೆ ಮಕ್ಕಳಿಗಾಗಿ ಅದೊಂದು ಇದ್ದೇ ಇರುತ್ತದೆ. ಅಲ್ಲಿ ದೊಡ್ಡ ಕಿವಿಯ ಒಂಟಿ ಗಂಡಾನೆ ಇತ್ತು. ಆಫ್ರಿಕಾದ ಆನೆ, ಹೆಸರು ಶಂಕರ. 1998ರಲ್ಲಿ ಜಿಂಬಾಬ್ವೆ ದೇಶ ಮಾಜಿ ರಾಷ್ಟ್ರಪತಿ ಶಂಕರ ದಯಾಳ ಶರ್ಮರಿಗೆ ಕೊಟ್ಟ ಉಡುಗೊರೆ. ಉಡುಗೊರೆ ಬರುವ ಹೊತ್ತಿಗೆ ಅವರು ರಾಷ್ಟ್ರಪತಿ ಭವನ ಬಿಟ್ಟಾಗಿತ್ತು. ಹೆಸರು ಮಾತ್ರ ಆನೆಗೆ ಉಳಿಯಿತು.

ಶಂಕರ ಒಂಟಿಯಾಗಿ ಬಂದಿರಲಿಲ್ಲ. ಜೊತೆಗೆ ಬೊಂಬಾಯಿ ಎಂಬ ಹೆಣ್ಣಾನೆ ಇತ್ತು. ಕೆಲವೇ ವರ್ಷಗಳಲ್ಲಿ ಅದು ಸತ್ತುಹೋಯಿತು. ಆಮೇಲೆ ಶಂಕರನನ್ನು ಅಲ್ಲೇ ಇದ್ದ ಏಷ್ಯಾದ ಆನೆಗಳ ಜೊತೆ ಬಿಟ್ಟರು. ಹೊಂದಾಣಿಕೆ ಆಗಲಿಲ್ಲ, ಕಾದಾಡಿದವು ಎಂದು ಮೃಗಾಲಯದವರು ಹೇಳಿದರು. 2012ರಲ್ಲಿ ಶಂಕರನನ್ನು ಬೇರೆ ಆವರಣಕ್ಕೆ ಹಾಕಿದರು. ಅಲ್ಲಿಂದ ಮುಂದೆ ಹದಿಮೂರು ವರ್ಷ ಒಬ್ಬನೇ.

ಆನೆಗೆ ಒಂಟಿತನ ಎಂದರೇನು ಎಂದು ನಾವು ಹೆಂಗಸರು ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು. ಆನೆಯ ಸಂಸಾರ ಎಂದರೆ ಹೆಂಗಸರ ಸಂಸಾರ. ಅಜ್ಜಿ ಮುಂದೆ, ಅವಳ ಹಿಂದೆ ಹೆಣ್ಣುಮಕ್ಕಳು, ಚಿಕ್ಕಮ್ಮಂದಿರು, ನಡುವೆ ಮರಿಗಳು. ಗಂಡುಮರಿ ಪ್ರಾಯಕ್ಕೆ ಬರುವವರೆಗೂ ಆ ಗುಂಪಿನಲ್ಲೇ ಬೆಳೆಯುತ್ತದೆ. ಆಮೇಲೆ ಗುಂಪು ಬಿಟ್ಟರೂ ಬೇರೆ ಗಂಡಾನೆಗಳ ಒಡನಾಟ ಇರುತ್ತದೆ. ನಮ್ಮ ಕಿವಿಗೆ ಕೇಳದಷ್ಟು ತಗ್ಗಿದ ದನಿಯಲ್ಲಿ ಅವು ಕಿಲೋಮೀಟರುಗಟ್ಟಲೆ ದೂರದಿಂದ ಮಾತಾಡಿಕೊಳ್ಳುತ್ತವೆ. ಮಥುರಾ ರಸ್ತೆಯ ಬಸ್ಸು ಲಾರಿಗಳ ಸದ್ದಿನ ನಡುವೆ ಶಂಕರ ಆ ದನಿ ಹೊರಡಿಸಿದರೂ, ಉತ್ತರ ಕೊಡಬಲ್ಲ ತನ್ನ ಜಾತಿಯ ಇನ್ನೊಂದು ಜೀವ ಈ ಊರಿನಲ್ಲಿ ಇರಲಿಲ್ಲ.

ನಿಯಮ ಇರಲಿಲ್ಲವೇ? ಇತ್ತು. ಆನೆಯನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ಒಂಟಿಯಾಗಿ ಇಡಬಾರದು ಎಂಬ ಕೇಂದ್ರದ ಸೂಚನೆ 2009ರಿಂದಲೇ ಇತ್ತು. 2014ರಲ್ಲಿ ನಾಗರಾಜ ಪ್ರಕರಣದಲ್ಲಿ, ಅಂದರೆ ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯ ಪ್ರಾಣಿಗಳಿಗೂ ಹಸಿವು, ಭಯ, ನೋವುಗಳಿಂದ ಮುಕ್ತವಾಗಿ ಬದುಕುವ ಹಕ್ಕಿದೆ ಎಂದು ವಿಸ್ತಾರವಾಗಿ ಬರೆಯಿತು. ಎಲ್ಲ ಕಾಗದದಲ್ಲಿ ಸರಿಯಾಗಿಯೇ ಇತ್ತು. ಕಾಗದ ಶಂಕರನ ಆವರಣದವರೆಗೆ ಬರಲಿಲ್ಲ.

2021ರಲ್ಲಿ ಯೂತ್ ಫಾರ್ ಅನಿಮಲ್ಸ್ ಎಂಬ ಸಂಸ್ಥೆ ಕಟ್ಟಿದ, ಇನ್ನೂ ಶಾಲೆಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋದಳು. ಶಂಕರನನ್ನು ಬೇರೆ ಆಫ್ರಿಕಾ ಆನೆಗಳಿರುವ ಕಡೆ ಕಳಿಸಿ ಎಂಬುದು ಅವಳ ಕೋರಿಕೆ. ನಮ್ಮ ಮಕ್ಕಳು ಆ ವಯಸ್ಸಿನಲ್ಲಿ ಬೋರ್ಡ್ ಪರೀಕ್ಷೆ, ಕೋಚಿಂಗ್ ಎಂದು ಓಡುತ್ತಿರುತ್ತಾರೆ. ನಾವೇ ಓಡಿಸುತ್ತಿರುತ್ತೇವೆ. ಎರಡು ವರ್ಷದ ನಂತರ ಆನೆಗಳ ವರ್ಗಾವಣೆ ನೋಡಿಕೊಳ್ಳಲು ಸಮಿತಿಯೊಂದಿದೆ, ಅಲ್ಲಿಗೆ ಹೋಗಿ ಎಂದು ಹೇಳಿ ನ್ಯಾಯಾಲಯ ಪ್ರಕರಣವನ್ನು ಮುಗಿಸಿತು. ಸರಕಾರಿ ಕಚೇರಿಗೆ ಒಮ್ಮೆಯಾದರೂ ಹೋದವರಿಗೆ ಈ ಮಾತು ಗೊತ್ತು: ಇಲ್ಲಿ ಅಲ್ಲ, ಪಕ್ಕದ ಕಿಟಕಿಗೆ ಹೋಗಿ.

ಮೃಗಾಲಯದ ಕಡೆಯ ಮಾತನ್ನೂ ಹೇಳಬೇಕು. ಮದ ಬಂದ ಗಂಡಾನೆಯ ಹತ್ತಿರ ಹೋಗುವುದು ಹುಡುಗಾಟವಲ್ಲ, ಮೈಸೂರು-ಕೊಡಗಿನ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಿಬ್ಬಂದಿಯ ಜೀವಕ್ಕೆ ಅಪಾಯ, ಅದಕ್ಕೇ ಸರಪಳಿ ಎಂದರು. ಒಪ್ಪೋಣ. ಆಫ್ರಿಕಾದಿಂದ ಹೆಣ್ಣಾನೆ ತರಿಸುವ ಪತ್ರವ್ಯವಹಾರವೂ ನಡೆದಿತ್ತು. ಆದರೆ ಮದ ಇಳಿದ ಮೇಲೂ ಸರಪಳಿ ಏಕೆ ಎಂಬ ಪ್ರಶ್ನೆಗೆ ನನಗೆ ಒಪ್ಪಿಗೆಯಾಗುವ ಉತ್ತರ ಎಲ್ಲೂ ಸಿಗಲಿಲ್ಲ.

2024ರ ಅಕ್ಟೋಬರಿನಲ್ಲಿ ಜಾಗತಿಕ ಮೃಗಾಲಯಗಳ ಒಕ್ಕೂಟ ಶಂಕರನ ಸ್ಥಿತಿಯ ಕಾರಣ ಕೊಟ್ಟು ದೆಹಲಿ ಮೃಗಾಲಯದ ಸದಸ್ಯತ್ವವನ್ನೇ ಅಮಾನತು ಮಾಡಿತು. ಸುದ್ದಿ ಪತ್ರಿಕೆಗಳಲ್ಲಿ ಬಂತು. ಕೇಂದ್ರ ಪರಿಸರ ಖಾತೆಯ ರಾಜ್ಯ ಸಚಿವ ಕೀರ್ತಿವರ್ಧನ ಸಿಂಗ್ ಖುದ್ದಾಗಿ ಹೋಗಿ ನೋಡಿದರು. ಜಾಮನಗರದ ವಂತಾರಾದಿಂದ ತಜ್ಞರು ಬಂದರು. ಕೆಲವೇ ದಿನಗಳಲ್ಲಿ ಸರಪಳಿ ಬಿಚ್ಚಿದರು.

ನನ್ನನ್ನು ಈ ಕಥೆಗೆ ಕಟ್ಟಿಹಾಕಿದ್ದು ಈ 'ಕೆಲವೇ ದಿನ'. ಆನೆ ಬದಲಾಗಿರಲಿಲ್ಲ, ಆವರಣವೂ ಅದೇ. ಸಾಧ್ಯವಿಲ್ಲ ಎಂದು ವರ್ಷಗಟ್ಟಲೆ ಹೇಳಿದ್ದು ಒಂದು ವಾರದಲ್ಲಿ ಸಾಧ್ಯವಾಯಿತು, ಏಕೆಂದರೆ ಈ ಸಲ ನೋವಾದದ್ದು ಸಂಸ್ಥೆಯ ಮರ್ಯಾದೆಗೆ.

ಅಧಿಕಾರಕ್ಕೆ ಪ್ರಾಣಿ ಕಾಣದೇ ಹೋಗುವುದು ನಮ್ಮ ದೇಶದ ಕಥೆ ಮಾತ್ರ ಅಲ್ಲ. 1943ರಲ್ಲಿ, ಯುದ್ಧದ ನಡುವೆ, ಟೋಕಿಯೋದ ಉಯೆನೋ ಮೃಗಾಲಯದ ದೊಡ್ಡ ಪ್ರಾಣಿಗಳನ್ನೆಲ್ಲ ಕೊಲ್ಲಬೇಕೆಂದು ನಗರದ ಗವರ್ನರ್ ಆದೇಶಿಸಿದ. ಬಾಂಬು ಬಿದ್ದರೆ ತಪ್ಪಿಸಿಕೊಂಡಾವು ಎಂಬ ನೆಪ. ಆಗಿನ್ನೂ ಭಾರೀ ಬಾಂಬು ದಾಳಿ ಶುರುವಾಗಿರಲಿಲ್ಲ. ಅಲ್ಲಿದ್ದ ಮೂರು ಆನೆಗಳನ್ನು ಉಪವಾಸ ಕೆಡವಿದರು. ಆನೆಯನ್ನು ಉಳಿಸಲು ಸೆಂಡೈ ಊರಿನ ಮೃಗಾಲಯಕ್ಕೆ ಸಾಗಿಸುವ ಏರ್ಪಾಡು ನಡೆದಿತ್ತು, ಗವರ್ನರ್ ಬೇಡ ಎಂದ. ಟೊಂಕಿ ಎಂಬ ಹೆಣ್ಣಾನೆ, ಯಾರಾದರೂ ಹತ್ತಿರ ಬಂದರೆ, ಕಲಿಸಿದ ಆಟವಾಡಿ ತೋರಿಸುತ್ತಿತ್ತಂತೆ. ಆಟವಾಡಿದರೆ ತಿನ್ನಲು ಕೊಡುತ್ತಾರೆ ಎಂಬುದು ಅದಕ್ಕೆ ಗೊತ್ತಿದ್ದ ಲೆಕ್ಕ. ಸತ್ತ ಪ್ರಾಣಿಗಳ ಆತ್ಮಶಾಂತಿಗೆಂದು ಸೆಪ್ಟೆಂಬರ್ 4ರಂದು ಸಭೆ ನಡೆದಾಗ, ಎರಡು ಆನೆಗಳು ಪರದೆಯ ಆಚೆ ಇನ್ನೂ ಬದುಕಿದ್ದವು.

ಯುದ್ಧ ಮುಗಿದ ಮೇಲೆ ಜಪಾನಿನ ಮಕ್ಕಳು ನಮಗೊಂದು ಆನೆ ಬೇಕು ಎಂದು ಪತ್ರ ಬರೆದರು. 1949ರಲ್ಲಿ ನೆಹರೂ ತಮ್ಮ ಮಗಳ ಹೆಸರಿಟ್ಟು ಇಂದಿರಾ ಎಂಬ ಆನೆಯನ್ನು ಕಳಿಸಿದರು. ಅದು ಹೋದದ್ದು ಎಲ್ಲಿಂದ ಗೊತ್ತೇ? ನಮ್ಮ ಮೈಸೂರಿನಿಂದ. ಊರೂರು ಸುತ್ತಿ ಮಕ್ಕಳನ್ನು ನಗಿಸಿತು, 1983ರಲ್ಲಿ ಅಲ್ಲೇ ತೀರಿಕೊಂಡಿತು. ಅದನ್ನು ಓದಿದಾಗ ಹೆಮ್ಮೆಯೂ ಆಯಿತು, ಹೊಟ್ಟೆಯೂ ಕಲಸಿತು. ಹೆಣ್ಣನ್ನು ದೂರದೂರಿಗೆ ಕೊಟ್ಟು, ತಿರುಗಿ ಹೋಗಿ ನೋಡದವರ ಮನೆಯ ಕಥೆಯಂತೆ ಕೇಳಿಸಿತು ನನಗೆ. ದೇಶಗಳು ಸ್ನೇಹಕ್ಕಾಗಿ ಆನೆ ಕೊಡುತ್ತವೆ. ಸ್ನೇಹ ಮಾಡಿಕೊಂಡವರು ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಆಮೇಲಿನ ಮೂವತ್ತು ನಲವತ್ತು ವರ್ಷ ಆನೆಯ ಪಾಲಿಗೆ.

ಶಂಕರನಿಗೆ ಅಷ್ಟೂ ಸಿಗಲಿಲ್ಲ. 2025ರ ಸೆಪ್ಟೆಂಬರ್ 17ರ ಬೆಳಿಗ್ಗೆ ಸರಿಯಾಗಿ ಮೇವು ಮುಟ್ಟಲಿಲ್ಲ, ಸ್ವಲ್ಪ ಭೇದಿಯಿತ್ತು. ವೈದ್ಯರು ಚಿಕಿತ್ಸೆ ಕೊಟ್ಟರು. ಸಂಜೆ ಕೊಟ್ಟಿಗೆಯಲ್ಲಿ ಕುಸಿದು ಬಿತ್ತು, ಏಳಲಿಲ್ಲ. ವಯಸ್ಸು 29. ಆನೆ ಅರವತ್ತು ಎಪ್ಪತ್ತರವರೆಗೂ ಬದುಕಬಲ್ಲ ಪ್ರಾಣಿ. ಮೊದಲು ಹೃದಯಾಘಾತ ಎಂದರು, ಆಮೇಲಿನ ಪರೀಕ್ಷೆಯಲ್ಲಿ ಇಲಿಗಳಿಂದ ಹರಡುವ ಒಂದು ವೈರಾಣು ಪತ್ತೆಯಾಯಿತು. ಆದ್ದರಿಂದ ಒಂಟಿತನವೇ ಕೊಂದಿತು ಎಂದು ನಾನು ಹೇಳುವುದಿಲ್ಲ. ಸಾವಿಗೆ ಕಾರಣ ವೈರಾಣು. ಬದುಕಿದ್ದಾಗಿನ ಹದಿಮೂರು ವರ್ಷಕ್ಕೆ ವೈರಾಣು ಕಾರಣವಲ್ಲ.

ಶಂಕರ ಸತ್ತಾಗ ಪತ್ರಿಕೆಗಳೆಲ್ಲ ಇನ್ನೊಂದು ಸಾಲು ಬರೆದವು. ಭಾರತದ ಮೃಗಾಲಯಗಳಲ್ಲಿ ಇದ್ದ ಆಫ್ರಿಕಾ ಆನೆಗಳು ಎರಡೇ, ಇನ್ನು ಉಳಿದದ್ದು ಒಂದು. ಅದಿರುವುದು ಮೈಸೂರಿನಲ್ಲಿ. ಅದೂ ಗಂಡು.

ಮೈಸೂರು ಮೃಗಾಲಯ ಎಂದರೆ ನಮಗೆ ತವರಿನ ಹೆಮ್ಮೆ. 1892ರದ್ದು, ಅರಮನೆಯ ಕಾಲದ್ದು, ಹಸಿರಾಗಿದೆ, ಚೊಕ್ಕಟವಾಗಿದೆ. ದೆಹಲಿಯದರ ಜೊತೆ ಹೋಲಿಸಿ ನಾವು ಬೀಗುವುದೂ ಉಂಟು. ಹಾಗಾಗಿ ಈ ಪ್ರಶ್ನೆ ಕೇಳಲು ನಮಗಿಂತ ಹತ್ತಿರದವರು ಇಲ್ಲ. ಆ ಆನೆಗೆ ಜೊತೆ ಯಾರಿದ್ದಾರೆ? ದಿನಕ್ಕೆ ಎಷ್ಟು ಹೊತ್ತು ಬಿಡುಗಡೆ? ತನ್ನ ಜಾತಿಯವರ ಹತ್ತಿರ ಕಳಿಸುವ ಯೋಚನೆ ಏನಾದರೂ ಇದೆಯೇ?

ಈ ಮೂರು ಪ್ರಶ್ನೆಗಳನ್ನು ಕನ್ನಡದಲ್ಲಿ ಮಾಹಿತಿ ಹಕ್ಕಿನ ಅರ್ಜಿಯಾಗಿ ಬರೆದು ತಂದಿದ್ದೇನೆ. ಶುಲ್ಕ ಹತ್ತು ರೂಪಾಯಿ, ಅದನ್ನು ನಾನೇ ಕಟ್ಟುತ್ತೇನೆ. ಅರ್ಜಿಯ ಜೊತೆಗೆ ಒಂದು ಮನವಿ ಪತ್ರವೂ ಇದೆ, ಅದಕ್ಕೆ ಎಷ್ಟು ಹೆಸರಿದ್ದರೂ ಒಳ್ಳೆಯದು. ಊಟದ ಕೂಪನ್ ಕೊಡುವ ಮೇಜಿನ ಮೇಲೆ ಇಟ್ಟಿದ್ದೇನೆ, ಪೆನ್ನೂ ಪಕ್ಕದಲ್ಲೇ ಇದೆ. ಬಿಸಿಬೇಳೆಬಾತ್ ಆರುವ ಮೊದಲು ಸಹಿ ಮಾಡಿಬಿಡಿ.